ಗಾಂಜಾ ಗೊತ್ತಿಲ್ಲದವಳ ಧಾರಾವಾಹಿ

ಕುವೈತಿನ ಸಾಲ್ಮಿಯಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಾವೇರಮ್ಮ ಇಪ್ಪತ್ತಮೂರು ವರ್ಷಗಳಿಂದ ಫಾರ್ಮಸಿಸ್ಟ್. ಡಾಕ್ಟರ ಸಹಿ ಸ್ವಲ್ಪ ಸೊಟ್ಟಗಿದ್ದರೂ ಚೀಟಿ ವಾಪಸ್ಸು. ನಿದ್ದೆ ಮಾತ್ರೆಗೆ ಯಾರು ಎಷ್ಟು ಗೋಗರೆದರೂ ಕರಗುವವರಲ್ಲ. ಇಂಥ ಬಿಗಿಯ ಹೆಂಗಸು ಮಗಳ ವಿಷಯ ಬಂದರೆ ಮಾತ್ರ ಯಾರೂ ಕೇಳದಿದ್ದರೂ ಬಾಯಿ ಬಿಡುತ್ತಿದ್ದರು. "ನಮ್ಮ ನಿಖಿತಾ ಟೊರಾಂಟೋದಲ್ಲಿ ಟೀವಿಗೆ ಬರೀತಾಳೆ. ಕಾಮಿಡಿ. ಗಿಡಮೂಲಿಕೆ ಅಂಗಡಿ ನಡೆಸೋರ ಕಥೆ. ಅರ್ಧ ನಮ್ಮ ಫೀಲ್ಡೇ ಅನ್ನಿ!"

ಮಗಳು ಫೋನಿನಲ್ಲಿ 'ಹರ್ಬ್' ಎಂದಿದ್ದಳು. ತಾಯಿ ಅದಕ್ಕೆ ಅಶ್ವಗಂಧ, ಅಮೃತಬಳ್ಳಿ ಎಂದು ಅರ್ಥ ಮಾಡಿಕೊಂಡಿದ್ದರು.

'ಗ್ರೀನ್ ಕೌಂಟರ್' ಎಂಬ ಆ ಧಾರಾವಾಹಿಯ ಎಂಟು ಕಂತುಗಳೂ ಒಂದೇ ದಿನ ಬಿಡುಗಡೆಯಾದವು. ಅದೇ ವಾರ ನಿಖಿತಾ ರಜೆ ಹಾಕಿ ಕುವೈತಿಗೆ ಬಂದಿದ್ದಳು. ಕಾವೇರಮ್ಮನ ಗೆಳತಿ ಆಗ್ನೆಸ್ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಮೂಡುಬಿದಿರೆ ಕಡೆಯವರು, ಹತ್ತಾರು ನಾಟಕ ಆಡಿಸಿದವರು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ ಟೀವಿಗೆ ಬರೆಯುತ್ತಾಳೆಂದು ಹೆಮ್ಮೆಪಟ್ಟು, ಮುಂದಿನ ಶುಕ್ರವಾರದ ಸಭೆಯಲ್ಲಿ ಅವಳಿಗೊಂದು ಸನ್ಮಾನವನ್ನೂ ಗೊತ್ತು ಮಾಡಿಬಿಟ್ಟಿದ್ದರು.

ಆದರೆ ಬಂದ ಮೂರನೇ ದಿನದಿಂದ ನಿಖಿತಾ ಸರಿಯಾಗಿ ಊಟ ಮಾಡಲಿಲ್ಲ. ಬಾಲ್ಕನಿಯಲ್ಲಿ ಫೋನು ಹಿಡಿದು ಕೂತವಳು ಸಮುದ್ರದ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಏನಾಯಿತೇ ಎಂದರೆ, "ರಿವ್ಯೂಸ್ ಬಂದಿವೆ ಅಮ್ಮ. ಲೀವ್ ಇಟ್" ಎಂದಳು.

ಬಿಡುವ ಜಾಯಮಾನ ಕಾವೇರಮ್ಮನದಲ್ಲ. ಮರುದಿನ ಆಸ್ಪತ್ರೆಯಲ್ಲಿ ಟೀ ಹೊತ್ತಿಗೆ ಫೋನಿನಲ್ಲಿ ಹುಡುಕಿದರು. ಮೊದಲ ವಿಮರ್ಶೆಯ ಮೊದಲ ಸಾಲಿನಲ್ಲೇ ಆ ಪದವಿತ್ತು. ಕನ್ನಡಕ ಒರೆಸಿ ಮತ್ತೆ ಓದಿದರು. ಪದ ಬದಲಾಗಲಿಲ್ಲ. ಗಾಂಜಾ. ಅಂಗಡಿ ಗಾಂಜಾದ್ದು, ಗಿರಾಕಿಗಳು ಗಾಂಜಾದವರು, ನಗೆಯೆಲ್ಲ ಗಾಂಜಾದ ಸುತ್ತ. ಅಷ್ಟರಲ್ಲಿ ಕಿಟಕಿಯಲ್ಲಿ ಕೆಮ್ಮಿನ ಸಿರಪ್ ಕೇಳಿದ ಮುದುಕನೊಬ್ಬನಿಗೆ ಅವರು ಬ್ಯಾಂಡೇಜ್ ಕೊಟ್ಟರು.

ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳಿದರು. "ಗಿಡಮೂಲಿಕೆ ಅಂದಿದ್ಯಲ್ಲೇ ನೀನು?"

"ಹರ್ಬ್ ಅಂದಿದ್ದೆ. ಟೆಕ್ನಿಕಲಿ ಇಟ್ ಈಸ್ ಅ ಹರ್ಬ್, ಅಮ್ಮ. ಅಲ್ಲಿ ಅದು ಲೀಗಲ್. ಲೈಸೆನ್ಸ್ ಇರೋ ಅಂಗಡಿ."

"ಅಲ್ಲಿ ಲೀಗಲ್ಲು. ನಾನಿರೋದು ಇಲ್ಲಿ! ಆಸ್ಪತ್ರೆಯವರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಮಿಸ್ರಿಯಾ ಸಿಸ್ಟರ್ ಅಂತೂ, 'ನಿಮ್ಮ ಮಗಳ ಅಂಗಡೀಲಿ ಮಂಡಿನೋವಿಗೆ ಏನಾದ್ರೂ ಸಿಗತ್ತಾ?' ಅಂತ ಕೇಳಿದಾರೆ!"

ನಿಖಿತಾಗೆ ನಗು ಬರುವಂತಾಯಿತು. ಆದರೆ ಅವಳು ನಗುವ ಸ್ಥಿತಿಯಲ್ಲಿರಲಿಲ್ಲ. ಎದ್ದು ಕೋಣೆಗೆ ಹೋದಳು.

ಕಾವೇರಮ್ಮನ ಗಂಡ ಶ್ಯಾಮಸುಂದರ್ ಸಿವಿಲ್ ಇಂಜಿನಿಯರು. ಯಾವುದನ್ನೇ ಆಗಲಿ ಪೂರ್ತಿ ಓದದೆ ಅಭಿಪ್ರಾಯ ಕೊಡದ ಮನುಷ್ಯ. ಸೋಫಾದಲ್ಲಿ ಕೂತು ಒಂದೊಂದಾಗಿ ವಿಮರ್ಶೆಗಳನ್ನು ಓದತೊಡಗಿದರು. ಯಾವುದರಲ್ಲೂ ಐದಕ್ಕೆ ಎರಡು ಸ್ಟಾರಿಗಿಂತ ಹೆಚ್ಚಿರಲಿಲ್ಲ. ಗಾಂಜಾಪ್ರಿಯರ ಒಂದು ಪತ್ರಿಕೆ ಅತ್ಯಂತ ಕಟುವಾಗಿತ್ತು. ಶ್ಯಾಮಸುಂದರ್ ಅದನ್ನು ಗಟ್ಟಿಯಾಗಿ, ಕನ್ನಡ ಮಾಡಿಕೊಂಡು ಓದಿದರು. "'ನಮ್ಮ ಲೋಕವನ್ನು ದೂರದಿಂದ ದುರ್ಬೀನಿನಲ್ಲಿ ನೋಡಿದವರ ಕೆಲಸ ಇದು. ಅದರಲ್ಲೂ ಆರನೇ ಕಂತು ಬರೆದವರು ಜೀವಮಾನದಲ್ಲಿ ಒಂದು ಸಲವೂ ಸೇದಿಲ್ಲ ಅನ್ನೋದು ದೃಶ್ಯ ದೃಶ್ಯದಲ್ಲೂ ಗೊತ್ತಾಗುತ್ತೆ.'"

ಕಾವೇರಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಬಂದರು. "ಆರನೇದು ಯಾರು ಬರ್ದಿದ್ದು?"

"ನಿಖಿತಾನೇ. ಹೆಸರಿದೆ ಇಲ್ಲಿ."

"ಇನ್ನೊಂದ್ಸಲ ಓದ್ರಿ."

ಶ್ಯಾಮಸುಂದರ್ ಇನ್ನೊಂದು ಸಲ ಓದಿದರು. ಕಾವೇರಮ್ಮನ ಮುಖ ಅರಳಿತು. "ಜೀವಮಾನದಲ್ಲಿ ಒಂದು ಸಲವೂ! ಪೇಪರಿನಲ್ಲೇ ಬರ್ದಿದಾರೆ. ಅದೂ ಯಾರು? ಗೊತ್ತಿರೋರು!"

ಹತ್ತು ನಿಮಿಷದ ಹಿಂದೆ ಸನ್ಮಾನವನ್ನು ರದ್ದು ಮಾಡಿಸಬೇಕೆಂದಿದ್ದವರು ಈಗ ಆ ಪುಟವನ್ನು ಪ್ರಿಂಟ್ ತೆಗೆಸಲು ಹೇಳಿದರು. ಮರುದಿನ ಅದು ಆಸ್ಪತ್ರೆಯಲ್ಲಿ ಲ್ಯಾಮಿನೇಟ್ ಆಯಿತು. ಮಿಸ್ರಿಯಾ ಸಿಸ್ಟರ್‌ಗೆ ತೋರಿಸಿದ್ದಾಯಿತು. ಡ್ಯೂಟಿ ಮುಗಿದದ್ದೇ ಕಾವೇರಮ್ಮ ಮೈದಾನ್ ಹವಲ್ಲಿಯ ಆಗ್ನೆಸ್ ಮನೆಗೆ ಹೊರಟರು. ಅವತ್ತು ಸಂಜೆ ಜೊತೆಗೆ ಹೋಗಬೇಕೆಂದು ಮೊದಲೇ ಮಾತಾಗಿದ್ದರಿಂದ ನಿಖಿತಾಳೂ ಕಾರಿನಲ್ಲಿದ್ದಳು. ಚೀಲದಲ್ಲಿ ಏನಿದೆಯೆಂಬುದು ಅವಳಿಗೆ ಗೊತ್ತಿರಲಿಲ್ಲ.

ಆಗ್ನೆಸ್ ಮನೆಯಲ್ಲಿ ಸಂಘದ ಅಧ್ಯಕ್ಷ ರಾಜಗೋಪಾಲರೂ ಕೂತಿದ್ದರು. ಧಾರಾವಾಹಿಯ ವಿಷಯ ಅವರ ಕಿವಿಗೂ ಬಿದ್ದಿತ್ತು. "ಕಾವೇರಮ್ಮನೋರೆ, ಬೇಜಾರ್ ಮಾಡ್ಕೋಬೇಡಿ. ಎಲ್ಲರೂ ಇಲ್ಲಿ ಇಕಾಮಾದ ಮೇಲೆ ಇರೋರು, ಆ ಪರ್ಮಿಟ್ ಹೋದ್ರೆ ಊರಿಗೇ ದಾರಿ. ವೇದಿಕೆ ಮೇಲೆ ಆ ಪದ ಬಂದ್ರೆ ನನಗೆ ಎದೆ ಹೊಡ್ಕೊಳ್ಳತ್ತೆ" ಎಂದರು.

"ನಿಮಗೆ ಧೈರ್ಯ ಬರೋ ಕಾಗದ ತಂದಿದೀನಿ" ಎಂದು ಕಾವೇರಮ್ಮ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಟೀಪಾಯಿಯ ಮೇಲಿಟ್ಟರು.

ಆಗ್ನೆಸ್ ಕನ್ನಡಕ ಏರಿಸಿ ಓದಿದರು. "ಎಂತ ಮಾರಾಯ್ತಿ, ಇದು ಹೊಗಳಿದ್ದಲ್ಲ. ಬೈದದ್ದು!"

"ಬೈದ್ರೆ ಬೈಲಿ. ಏನಂತ ಬೈದಿದಾರೆ ನೋಡಿ. ಅವಳಿಗೆ ಅದರ ಗಂಧಗಾಳೀನೇ ಗೊತ್ತಿಲ್ಲ ಅಂತ!"

ನಿಖಿತಾ ಆ ಹಾಳೆಯನ್ನು ನೋಡಿದಳು. ಪ್ರತಿ ಸಾಲೂ ಅವಳಿಗೆ ಬಾಯಿಪಾಠವಾಗಿತ್ತು. "ಅಮ್ಮ, ಯೂ ಲ್ಯಾಮಿನೇಟೆಡ್ ಇಟ್?" ಎಂದಳು. ದನಿ ಸಣ್ಣಗಿತ್ತು. "ನನ್ನ ಕೆಲಸ ನನಗೆ ಬರಲ್ಲ ಅಂತ ಬರ್ದಿದಾರೆ. ಎರಡು ವರ್ಷ ಬರೆದಿದ್ದು. ಅದನ್ನ ನೀನು ಮನೆಮನೆಗೆ ತೋರಿಸ್ತಾ ಇದೀಯ."

ರಾಜಗೋಪಾಲರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದವರು ಎತ್ತುವುದನ್ನು ಮರೆತರು. ಅದು ಮುಳುಗಿತು.

ಕೊನೆಗೆ ಆಗ್ನೆಸ್ ಕೇಳಿದರು. "ಕಾವೇರಿ, ನೀನು ಒಂದು ಕಂತಾದರೂ ನೋಡಿದ್ದುಂಟಾ?"

ಕಾವೇರಮ್ಮ ನೋಡಿರಲಿಲ್ಲ. ಬಂದಿದ್ದ ವಿಮರ್ಶೆಗಳಷ್ಟನ್ನೂ ಓದಿದ್ದರು, ಧಾರಾವಾಹಿಯನ್ನು ಮಾತ್ರ ನೋಡಿರಲಿಲ್ಲ. ಅವರಿಗೆ ಮಗಳ ಮುಖ ನೋಡಲು ನಾಚಿಕೆಯಾಯಿತು. ವಾಪಸ್ಸು ಬರುವಾಗ ಕಾರಿನಲ್ಲಿ, "ತಪ್ಪಾಯ್ತು ಕಣೇ. ನಾಳೆ ನನಗೆ ರಜ. ತೋರಿಸ್ತೀಯಾ?" ಎಂದರು. ನಿಖಿತಾ ಕಿಟಕಿಯ ಕಡೆ ನೋಡುತ್ತಲೇ "ಹ್ಞೂಂ" ಎಂದಳು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು ತಾಯಿ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತರು. ಮೊದಲ ಐದು ಕಂತುಗಳಲ್ಲಿ ಕಾವೇರಮ್ಮ ಎರಡು ಸಲ ಆಕಳಿಸಿದರು, ಒಂದು ಸಲವೂ ನಗಲಿಲ್ಲ. ಅಂಗಡಿಯ ಹುಡುಗರು ಕಣ್ಣು ಕೆಂಪಗೆ ಮಾಡಿಕೊಂಡು ಒಂದೇ ಮಾತನ್ನು ಮೂರು ಮೂರು ಸಲ ಹೇಳುತ್ತಿದ್ದರು. "ವಿಮರ್ಶಕರು ಸುಳ್ಳೇನೂ ಬರ್ದಿಲ್ಲ ಬಿಡು" ಎಂದುಬಿಟ್ಟರು. ನಿಖಿತಾಗೆ ಯಾಕೋ ಆ ಮಾತಿನಿಂದ ನೋವಾಗಲಿಲ್ಲ. ನೋಡಿ ಹೇಳಿದ ಮಾತಾಗಿತ್ತು ಅದು.

ಆರನೇ ಕಂತಿನಲ್ಲಿ ಅಂಗಡಿಯ ಮ್ಯಾನೇಜರ್ ಹುಡುಗಿಯ ತಾಯಿ ಊರಿನಿಂದ ಬಂದಿಳಿದಳು. ನಿವೃತ್ತ ಫಾರ್ಮಸಿಸ್ಟ್. ಮಗಳು ಊಟಕ್ಕೆ ಹೋದಾಗ ಕೌಂಟರಿನ ಹಿಂದೆ ಹೋಗಿ ನಿಂತಳು. ತೋಳಿನ ತುಂಬ ಹಚ್ಚೆಯಿದ್ದ ಆಜಾನುಬಾಹು ಒಬ್ಬ ಬಂದು ಗಾಂಜಾ ಕೇಳಿದ. ಅವಳು ಕನ್ನಡಕದ ಮೇಲಿನಿಂದ ಅವನನ್ನು ನೋಡಿ ಕೇಳಿದಳು: "ಊಟ ಆಗಿದೆಯಾ? ಬಿಪಿ ಇದೆಯಾ? ಮನೇಲಿ ಹೇಳಿ ಬಂದಿದೀಯಾ?" ಆ ದೈತ್ಯ ಶಾಲೆಯ ಹುಡುಗನಂತೆ ಕೈ ಕಟ್ಟಿ ನಿಂತ. ಕೊನೆಗೆ ಅವಳು ತನ್ನ ಊಟದ ಚೀಲದಿಂದ ಬಾಟಲಿ ತೆಗೆದು ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಕೊಟ್ಟು, ಇದನ್ನು ಕುಡಿದು ಮನೆಗೆ ಹೋಗಿ ಮಲಗು ಎಂದಳು.

ಕಾವೇರಮ್ಮ ನಗತೊಡಗಿದರು. ಮೊದಲು ಸದ್ದಿಲ್ಲದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಗು ಸ್ವಲ್ಪ ಇಳಿದಾಗ ಮಗಳತ್ತ ತಿರುಗಿದರು. "ನಾನಲ್ವೇನೇ ಇದು?"

"ಸ್ವಲ್ಪ."

"ಸ್ವಲ್ಪ ಏನು, ಸೀರೆ ಒಂದೇ ಬೇರೆ! ಆದ್ರೆ ಒಂದು ತಪ್ಪು ಮಾಡಿದೀಯ. ಅವನು ಮಜ್ಜಿಗೆ ತಗೊಂಡು ಹೊರಟೇ ಹೋದ. ಲೋಟ? ಲೋಟ ವಾಪಸ್ ಇಸ್ಕೊಳ್ದೆ ಕಳಿಸ್ತೀನೇನೇ ನಾನು?"

ನಿಖಿತಾ ಅದನ್ನು ಪಕ್ಕದಲ್ಲಿದ್ದ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡಳು. "ಮತ್ತೆ?" ಎಂದಳು.

"ಮತ್ತೆ, ನಾವು ಫಾರ್ಮಸಿಸ್ಟರು ಯಾವತ್ತೂ ಗಿರಾಕಿ ಮುಖ ಮೊದಲು ನೋಡಲ್ಲ. ಚೀಟಿ ನೋಡ್ತೀವಿ. ಆಮೇಲೆ ಮುಖ."

ಹೀಗೆ ಮಧ್ಯಾಹ್ನದವರೆಗೂ ನಡೆಯಿತು. ಶ್ಯಾಮಸುಂದರ್ ಊಟಕ್ಕೆ ಬಂದಾಗ ಅನ್ನವೇ ಆಗಿರಲಿಲ್ಲ. ಅವರೇ ಕುಕ್ಕರ್ ಇಟ್ಟರು.

ಆಗ್ನೆಸ್‌ಗೆ ಆ ದೃಶ್ಯವನ್ನು ಫೋನಿನಲ್ಲಿ ತೋರಿಸಿದಾಗ ಅವರು ಒಂದೇ ಮಾತಿಗೆ ಹೇಳಿದರು. "ಇದನ್ನು ವೇದಿಕೆ ಮೇಲೆ ಆಡುವ. ಗಾಂಜಾ ಅಂಗಡಿ ಬೇಡ, ಮಾಮೂಲಿ ಮದ್ದಿನ ಅಂಗಡಿ ಸಾಕು. ಬಂದವ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳಲಿ. ರಾಜಗೋಪಾಲರ ಎದೆಯೂ ಹೊಡೆದುಕೊಳ್ಳುವುದಿಲ್ಲ. ತಾಯಿ ಪಾತ್ರ ಕಾವೇರಿಯೇ ಮಾಡಲಿ."

"ನಾನಾ? ಶಾಲೇಲಿ ಮರದ ಪಾರ್ಟು ಮಾಡಿದ್ದೇ ಕೊನೆ!"

"ಇಲ್ಲಿ ಮಾತಾಡುವ ಮರ. ಯಲ್ಲಾ, ನಡಿ ನಡಿ, ನಾಳೆಯಿಂದ ರಿಹರ್ಸಲ್."

ನಿಖಿತಾ ಸಂಭಾಷಣೆಯನ್ನು ಕನ್ನಡಕ್ಕೆ ತಂದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ತಾಯಿಗೆ ಓದಿ ಹೇಳಿದಳು. ಕಾವೇರಮ್ಮ ಅರ್ಧ ಸಾಲುಗಳನ್ನು ಬಾಯಿಗೆ ಬಂದಂತೆ ಬದಲಾಯಿಸಿದರು. ಬದಲಾದವೇ ಚೆನ್ನಾಗಿದ್ದವು. ಆಜಾನುಬಾಹುವಿನ ಪಾತ್ರಕ್ಕೆ ಸಂಘದಲ್ಲಿ ಆರು ಅಡಿ ಇದ್ದವರು ರಾಜಗೋಪಾಲರೊಬ್ಬರೇ. ಬೇಡ ಬೇಡವೆನ್ನುತ್ತಲೇ ಒಪ್ಪಿದರು.

ಶುಕ್ರವಾರ ಸಾಲ್ಮಿಯಾದ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ ಇನ್ನೂರು ಜನ ಸೇರಿದ್ದರು. ನಿಖಿತಾ ಪರದೆಯ ಪಕ್ಕದಲ್ಲಿ, ಉಗುರು ಕಚ್ಚುತ್ತಾ ನಿಂತಿದ್ದಳು. ಕಾವೇರಮ್ಮ ಬಿಳಿ ಕೋಟು ಹಾಕಿ ಮೇಜಿನ ಹಿಂದೆ ನಿಂತರು. ಮೊದಲ ಸಾಲು ಮರೆತೇಹೋಯಿತು. ರಾಜಗೋಪಾಲರು ಬಂದು ಕೈ ಚಾಚಿದಾಗ ಅಭ್ಯಾಸಬಲದಿಂದ, "ಚೀಟಿ ಎಲ್ಲಿ?" ಎಂದರು. ಸಭೆ ಗೊಳ್ಳೆಂದಿತು. ಅಲ್ಲಿಂದ ಅವರಿಗೆ ಸಭೆಯಿರುವುದೇ ಮರೆತುಹೋಯಿತು. ಬಿಪಿ ಕೇಳಿದರು, ಮನೆಯವರ ಬಗ್ಗೆ ಕೇಳಿದರು, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದೂ ಕೇಳಿದರು. ಮಜ್ಜಿಗೆ ಕುಡಿದು ಹೊರಟ ರಾಜಗೋಪಾಲರನ್ನು "ಲೋಟ!" ಎಂದು ಕೂಗಿ ನಿಲ್ಲಿಸಿದಾಗ ಮುಂದಿನ ಸಾಲಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ನಗು ಅಲೆಯಂತೆ ಬಂದು ಪರದೆಗೆ ಬಡಿಯುತ್ತಿತ್ತು. ತನ್ನ ಬರಹಕ್ಕೆ ಎದುರಿಗೇ ಜನ ನಗುವುದನ್ನು ನಿಖಿತಾ ಮೊದಲ ಸಲ ಕೇಳಿದ್ದು. ಶಾಲು ಹೊದೆಸುವಾಗ ಆಗ್ನೆಸ್ ಅವಳ ಕಿವಿಯಲ್ಲಿ, "ಆ ಪೇಪರಿನವರು ಹೇಳಿದ್ದು ಸರಿ ಮಗಾ. ನಿನಗೆ ಗಾಂಜಾ ಗೊತ್ತಿಲ್ಲ. ಆದರೆ ಅಂಗಡಿಯ ಕೌಂಟರ್ ಗೊತ್ತುಂಟು. ಅದನ್ನು ಬರಿ" ಎಂದರು.

'ಗ್ರೀನ್ ಕೌಂಟರ್' ಎರಡನೇ ಸುತ್ತಿಗೆ ಮುಂದುವರಿಯಲಿಲ್ಲ. ಎರಡು ತಿಂಗಳ ನಂತರ ಚಾನೆಲ್‌ನವರು ಖಲಾಸ್ ಎಂದರು. ಸುದ್ದಿ ಕೇಳಿ ಕಾವೇರಮ್ಮ ಗಾಬರಿಯಿಂದ ಟೊರಾಂಟೋಗೆ ಫೋನು ಮಾಡಿದರು. ನಿಖಿತಾ ಅಳುತ್ತಿರಲಿಲ್ಲ. ಗಲ್ಫಿನ ಆಸ್ಪತ್ರೆಯೊಂದರ ಔಷಧದ ಕಿಟಕಿಯ ಕಥೆ ಶುರು ಮಾಡಿದ್ದೇನೆ, ನಲವತ್ತು ಪುಟ ಆಗಿದೆ ಎಂದಳು. ಯಾರಾದರೂ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲವೆಂದೂ ಹೇಳಿದಳು. ಆಮೇಲೆ, "ಇವತ್ತು ಕೌಂಟರಿಗೆ ಯಾರು ಬಂದಿದ್ರು, ಅಮ್ಮ? ಹೆಸರು ಬೇಡ" ಎಂದಳು.

"ಅಯ್ಯೋ, ಇವತ್ತಿನದು ಕೇಳು! ಒಬ್ಬಳು ಅಜ್ಜಿ. ಕಣ್ಣಿಗೆ ಹಾಕೋ ಡ್ರಾಪ್ಸು ಕೊಟ್ಟು ಕಳಿಸಿದ್ದೆ. ವಾಪಸ್ ಬಂದು, ರುಚಿ ಚೆನ್ನಾಗಿಲ್ಲ ಅಂತಾಳೆ ಕಣೇ!"

"ನಿಧಾನ, ನಿಧಾನ" ಎಂದಳು ನಿಖಿತಾ, ಈ ಸಲ ಅಚ್ಚ ಕನ್ನಡದಲ್ಲೇ. "ಬರ್ಕೋತಾ ಇದೀನಿ."