ತುರಿಸದ ಕೆಸು

ಎಮಿಲಿಯಾ ಬಂದ್ಯೋಡಿನ ಆ ಮನೆಗೆ ಮದುವೆಯಾಗಿ ಬಂದ ಮಳೆಗಾಲದಲ್ಲೇ ಅತ್ತೆ ಕೆಸು ಕೀಳುವ ಕ್ರಮ ಕಲಿಸಿದ್ದರು. ದಂಟು ಮುರಿದು ರಸವನ್ನು ಮಣಿಕಟ್ಟಿಗೆ ಹಚ್ಚಬೇಕು. ತುರಿಸದಿದ್ದರೆ ಗೆಡ್ಡೆಸಮೇತ ಬುಟ್ಟಿಗೆ. ತುರಿಸಿದರೆ ಆ ಗಿಡವನ್ನು ಅಲ್ಲೇ ಬಿಡಬೇಕು. ಹಾಗೆ ವರ್ಷವರ್ಷವೂ ತುರಿಸದ ಸಾಧು ಗಿಡಗಳೆಲ್ಲ ಅಡುಗೆಮನೆ ಸೇರಿದವು. ಬಾವಿಯ ಹಿಂದೆ ಉಳಿದು ಮರಿಯೊಡೆದದ್ದು ತುರಿಸುವ ಬುಡಗಳು ಮಾತ್ರ.

ಈ ಸಲ ಮೊಂತಿ ಹಬ್ಬದ ಪತ್ರೊಡೆಗೆ ಎಲೆ ಕೊಯ್ಯಲು ಹೋದ ಸೊಸೆ ಪ್ರೀಮಾ ಅಲ್ಲಿಂದಲೇ ಅತ್ತೆ ಎಮಿಲಿಯಾರನ್ನು ಕರೆದಳು.

"ಮಾಂಯ್, ಬಸವನಹುಳು ಪಪ್ಪಾಯಿ ಗಿಡವನ್ನೇ ಮುಗಿಸಿಯಾಯಿತು. ಕೆಸುವಿಗೆ ಒಂದು ತೂತು ಸಹ ಇಲ್ಲ!"

ಎಮಿಲಿಯಾ ಬಗ್ಗಿ ನೋಡಿದರು. ಕೆಸುವಿನ ಸುತ್ತ ಹುಳುಗಳು ಚಿಪ್ಪಿನಿಂದ ಅರ್ಧ ಹೊರಬಂದು ಬಿದ್ದಿದ್ದವು. ಕಡ್ಡಿಯಿಂದ ಚುಚ್ಚಿದರೂ ಒಳಗೆ ಸರಿಯಲಿಲ್ಲ. ಸತ್ತಿರಲಿಲ್ಲ, ಕೊಂಬು ಆಡುತ್ತಿತ್ತು.

ರಸ ಹಚ್ಚಿಕೊಂಡರು. ತುರಿಸಲಿಲ್ಲ.

"ಇಷ್ಟು ವರ್ಷ ತುರಿಸಿದ್ದು ಇವತ್ತು ಯಾಕೆ ಸುಮ್ಮನಾಯಿತು?"

"ಒಳ್ಳೆಯದೇ ಆಯಿತಲ್ಲ! ನಿಮಗೆ ಎಂತ ಆದರೂ ಹೆದರಿಕೆ. ಬೇಕಾದರೆ ಹುಳಿ ಜಾಸ್ತಿ ಹಾಕುವಾ."

ಎಲೆಯ ನಾರು ತೆಗೆದು, ಹಿಟ್ಟು ಸವರಿ, ಸುರುಳಿ ಸುತ್ತಿ ಕೊಟ್ಟವರು ಎಮಿಲಿಯಾ. ಬೇಯಿಸಿದವಳು ಪ್ರೀಮಾ. ಒಂದು ತುಂಡನ್ನು ಎಮಿಲಿಯಾ ಬಾಯಿಗಿಟ್ಟರು. ತುರಿಕೆಯಿಲ್ಲ. ಉಪ್ಪೂ ಇಲ್ಲ, ಖಾರವೂ ಇಲ್ಲ. ಅನುಮಾನದಿಂದ ಒಲೆಯ ಮೇಲೆ ಕುದಿಯುತ್ತಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದರು. ತುಟಿಯ ಸಿಪ್ಪೆ ಎದ್ದು ಲೋಟದ ಅಂಚಿಗೆ ಅಂಟಿತು. ಬಿಸಿಯಾಗಿದೆಯೆಂದು ಗೊತ್ತೇ ಆಗಲಿಲ್ಲ.

ಸಾಧು ಗಿಡಗಳನ್ನು ತಿಂದು ಮುಗಿಸಿದವರು ತಾವೇ. ಉಳಿದವು ತಮ್ಮಷ್ಟಕ್ಕೆ ತುರಿಕೆ ಬಿಟ್ಟು ಜೋಮು ಹಿಡಿಸುವುದನ್ನು ಕಲಿತಿದ್ದವು.

"ಪ್ರೀಮಾ, ಯಾರಿಗೂ ಬಡಿಸಬೇಡ!"

"ಮಾಂವ್ ಆಗಲೇ ತಟ್ಟೆ ತುಂಬ ತೆಗೆದುಕೊಂಡು ಹೋದರಲ್ಲ."

ಎಮಿಲಿಯಾ ಜಗಲಿಗೆ ಓಡಿದರು. ಗಂಡ ವಲೇರಿಯನ್ ಕುರ್ಚಿಯಲ್ಲಿ ಕೂತು ನಗುತ್ತಿದ್ದರು.

"ಎಂತ ಬೊಬ್ಬೆ ಮಾರಾಯ್ತಿ? ಇಷ್ಟು ಮೆತ್ತಗಿನ ಪತ್ರೊಡೆ ನೀನು ಜನ್ಮದಲ್ಲಿ ಮಾಡಿಲ್ಲ."

ಮಾತು ತೊದಲುತ್ತಿತ್ತು. ಗದ್ದದಿಂದ ಬಿಳಿ ಬನಿಯನ್ನಿಗೆ ರಕ್ತ ಇಳಿಯುತ್ತಿತ್ತು. ತಟ್ಟೆ ಖಾಲಿಯಾಗಿತ್ತು, ಅವರು ಇನ್ನೂ ಜಗಿಯುತ್ತಲೇ ಇದ್ದರು.

"ರಿಕ್ಷಾ ಕರೆ!" ಎಂದು ಸೊಸೆಗೆ ಕೂಗಿ, ಎಮಿಲಿಯಾ ನಾಲಗೆಯನ್ನು ಇನ್ನಷ್ಟು ಜಗಿಯದಂತೆ ಎರಡು ಬೆರಳನ್ನು ಗಂಡನ ಹಲ್ಲುಗಳ ನಡುವೆ ತುರುಕಿದರು. ದವಡೆ ಮುಚ್ಚಿಕೊಂಡಿತು. ಗಟ್ಟಿಯಾಗಿ ಕಚ್ಚಿದ್ದು ಕಣ್ಣಿಗೆ ಕಾಣುತ್ತಿತ್ತು. ಬೆಳಗಿನಿಂದ ಎಲೆಯ ನಾರು ತೆಗೆದ ಆ ಬೆರಳುಗಳಿಗೆ ಏನೂ ತಿಳಿಯಲಿಲ್ಲ.