ಹತ್ತಿರವೆನಿಸಿದ ದನಿ

ಬೆಳಗ್ಗೆ ಹತ್ತಾದರೂ ಮಾಂಟೆರೆಯ ಕಡಲ ಮೇಲೆ ಮಂಜು ಹರಿದಿರಲಿಲ್ಲ. ಎಲ್ಲರ ದೋಣಿಗಳೂ ಬಂದಿದ್ದವು, ಗಾಸ್ಪಾರೆಯದೊಂದು ಬಿಟ್ಟು. ಅವನ ಹೆಂಡತಿ ನುನ್ಸಿಯಾಗೆ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

ಸಿಸಿಲಿಯಿಂದ ಬಂದ ಈ ಬೆಸ್ತರಿಗೆ ಮಂಜಿನಲ್ಲಿ ಹೆಂಡತಿಯ ಕೂಗೇ ಅಳತೆಗೋಲು. ಅವಳು ದಡದ ಬಂಡೆಯ ತುದಿಯಲ್ಲಿ ನಿಂತು ಕೂಗಬೇಕು. ಬರೀ ಸದ್ದು ಕೇಳಿದರೆ ನೇರ ಹುಟ್ಟು ಹಾಕು. ಮಾತು ಬಿಡಿಸಿ ಕೇಳಿತೋ, ದೋಣಿ ಕಟ್ಟುವ ದಕ್ಕೆ ಬಂತು. ಎರಡು ಸಲ ಶಂಖ ಊದಿ ಎಡಕ್ಕೆ ತಿರುಗು. ಮುಂಚೆಯೇ ತಿರುಗಿದವನಿಗೆ ನೀರಲ್ಲಿ ಅಡಗಿದ ಕರಿಬಂಡೆಯೇ ಗತಿ.

"ಅಳಬೇಡ್ವೇ ಅಕ್ಕಾ, ಇದನ್ನ ಹಿಡ್ಕೋ," ಎಂದ ತಮ್ಮ ಬಾರ್ತೊಲೊ. ಹುಟ್ಟು ಹಿಡಿದವನಲ್ಲ ಆಸಾಮಿ. ಎರಡು ವರ್ಷದಿಂದ ಷೆಡ್ಡಿನಲ್ಲಿ ತಂತಿ ಸುತ್ತಿ, ಅಯಸ್ಕಾಂತ ಜೋಡಿಸಿ, ದನಿ ದೊಡ್ಡದು ಮಾಡುವ ಕಹಳೆ ಕಟ್ಟಿದ್ದ; ಈಗ ಅದನ್ನು ತಂದು ಬಂಡೆಯ ಮೇಲೆ ಕಡಲಿಗೆ ಬಾಯಿ ಮಾಡಿ ಇಟ್ಟಿದ್ದ. "ಈ ಡಬ್ಬಿಯೊಳಗೆ ಮಾತಾಡು. ಕಹಳೆ ಹಿಂದೇನೇ ನಿಂತ್ಕೋ, ಅದರ ಬಾಯಿ ಮುಂದೆ ಮಾತ್ರ ಹೋಗ್ಬೇಡ. ತನ್ನ ದನಿ ತಾನೇ ಕೇಳಿಸ್ಕೊಂಡು ಊಳಿಡತ್ತೆ."

"ಗಾಸ್ಪಾರೇ! ಇಲ್ಲೇ ಇದೀನಿ, ಬಾ ಮಾರಾಯಾ!"

ಅಬ್ಬಾ, ಅದೇನು ದನಿ! ಕಡಲಹಕ್ಕಿಗಳು ದಡಬಡಿಸಿ ಎದ್ದವು. ನುನ್ಸಿಯಾ ಅಳುತ್ತಲೇ ನಕ್ಕುಬಿಟ್ಟಳು. ಮಂಜಿನಾಚೆ ಶಂಖ ಕೂಗಿತು, ಎರಡು ಸಲ.

ಅವಳ ನಗು ಅಲ್ಲೇ ನಿಂತಿತು. ಶಂಖದ ಸದ್ದು ಬಲು ಸಣ್ಣದು, ಎರಡು ಫರ್ಲಾಂಗು ಆಚೆಯದು. ಅವಳ ಮಾತು ಬಿಡಿಸಿ ಕೇಳಿದೆ, ದಕ್ಕೆ ಬಂತೆಂದು ಗಂಡ ತಿರುಗುತ್ತಿದ್ದಾನೆ.

"ಅಯ್ಯೋ, ಕೊಂದ್ಬಿಟ್ಯಲ್ಲೋ! ಅವನಿನ್ನೂ ದೂರ ಇದಾನೆ ಕಣೋ!"

"ತಿರುಗ್ಬೇಡ ಅಂತ ಹೇಳು! ಬೇಗ ಹೇಳೇ!"

ಹೇಳಲು ಡಬ್ಬಿ ಬಾಯಿಗಿಟ್ಟಳು. ಆದರೆ ಹದಿನೇಳು ವರ್ಷದ ರೂಢಿ ಅಷ್ಟು ಸುಲಭಕ್ಕೆ ಬಿಟ್ಟೀತೇ? ಜೀವಭಯ ಹೊಕ್ಕವಳು ಡಬ್ಬಿ ಹಿಡಿದೇ ಬಂಡೆಯ ತುದಿಗೆ ಓಡಿದಳು, ಸೀದಾ ಕಹಳೆಯ ಬಾಯಿಯ ಎದುರಿಗೆ.

"ಅಕ್ಕಾ, ಹಿಂದೆ ಬಾರೇ!"

"ತಿರು..." ಎಂದದ್ದಷ್ಟೇ. ಕಹಳೆ ಊಳಿಟ್ಟಿತು. ಕಿವಿ ಸೀಳುವ ಆ ಊಳಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ತಿರುಗಬೇಡ, ತಿರುಗಬೇಡ ಎಂದು ಅವಳು ಅರಚಿದಷ್ಟೂ ಅದು ಹೆಚ್ಚಿತು. ಬಾರ್ತೊಲೊ ಬ್ಯಾಟರಿಯ ತಂತಿಗಳನ್ನು ತಡಕಾಡಿ ಕಿತ್ತೆಸೆದ.

ಊಳು ನಿಂತಿತು. ಕರಿಬಂಡೆಯ ಕಡೆಯಿಂದ ಹಲಗೆ ಸೀಳಿದ ಸದ್ದು ಬರಿಗಿವಿಗೇ ಸ್ಪಷ್ಟವಾಗಿ ಕೇಳಿಸಿತು.