ಹೋಗುವವರ ಮಾತು

ಹೆಸರಿನ ಹಿಂದೆ ಊರನ್ನು ಕಟ್ಟಿಕೊಂಡಿದ್ದೇ ತಪ್ಪಾಯಿತು ಎಂದುಕೊಳ್ಳುತ್ತ ತನ್ವೀರ ಬಂಕಾಪುರದಲ್ಲಿ ಬಸ್ಸು ಬದಲಿಸಿದ. ಪಾಸ್‌ಪೋರ್ಟಿಗೆ ಅಡ್ಡಹೆಸರು ಬೇಕೇ ಬೇಕು ಅಂದಾಗ ಹುಬ್ಬಳ್ಳಿಯ ಏಜಂಟ ಅವನನ್ನು ಕೇಳದೆಯೇ ತುಂಬಿಬಿಟ್ಟಿದ್ದ: ಸವಣೂರ. ಹದಿನೈದು ವರ್ಷದ ಹಿಂದೆ ಅದರಲ್ಲಿ ಅಪಾಯವೇನೂ ಕಂಡಿರಲಿಲ್ಲ. ಈಗ ನೋಡಿದರೆ, ಕಡಲಿನಾಚೆ ಒಂದು ಕಾಗದದ ಬುಡದಲ್ಲಿ ಮಾಡಿದ ಸಹಿಯನ್ನು ಹಿಡಿದುಕೊಂಡು ಜನ ನೆಟ್ಟಗೆ ಸವಣೂರ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. 'ದುಬೈದಾಗ ಇಂಗ್ಲಿಷ್ ಬರೀತಿದ್ದ ತನ್ವೀರ ಅನ್ನಾವ್ರ ಮನಿ ಯಾವುದ್ರಿ' ಎಂದು ವೀಳ್ಯದೆಲೆ ಮಾರುವವರನ್ನು ಕೇಳಿ, ಹತ್ತು ನಿಮಿಷದಲ್ಲಿ ಮನೆ ಪತ್ತೆ ಮಾಡಿದ್ದರು.

ಅದು ದುಬೈ ಅಲ್ಲ. ಈ ಕಡೆಯವರಿಗೆ ಕೊಲ್ಲಿಯ ಊರೆಲ್ಲ ದುಬೈಯೇ. ತಿದ್ದುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು.

ಬಂದವರು ಹಾನಗಲ್ಲಿನ ಮಹಾಲಿಂಗಪ್ಪ, ಸರಕಾರಿ ಬಸ್ಸಿನ ನಿವೃತ್ತ ಕಂಡಕ್ಟರರು. ಅವರ ಮಗ ಮಾಲತೇಶ ಅಲ್ಲಿ, ತನ್ವೀರ ದುಭಾಷಿಯಾಗಿ ಕೆಲಸ ಮಾಡುತ್ತಿದ್ದ ಕಂಪನಿಯ ಉಗ್ರಾಣದಲ್ಲಿ, ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಅವರು ಬಂದಾಗ ತನ್ವೀರ ಮನೆಯಲ್ಲಿರಲಿಲ್ಲ. ಹೆಂಡತಿ ಮದಿಹಾ ಚಹಾ ಕೊಟ್ಟು, ಗಂಡನ ಪರವಾಗಿ ಮಾತನ್ನೂ ಕೊಟ್ಟು ಕಳಿಸಿದ್ದಳು.

"ಗುರುವಾರ ಬರ್ತಾರಂತ ಹೇಳಿದ್ದೇನೆ. ಪಾಪ, ವಯಸ್ಸಾದವರು. ಹೋಗಿ ಬಾ. ಮನೆಯಲ್ಲಿ ಕೂತು ನಿನಗಾದರೂ ಏನು ಕೆಲಸ?" ಎಂದು ಅವಳು ಉರ್ದುವಿನಲ್ಲಿ ಕೇಳಿದ್ದಳು.

ಎಂಟು ತಿಂಗಳಿಂದ ಅವನು ಮನೆಯಲ್ಲಿದ್ದ, ಇನ್ನೂ ಯಾವ ಸ್ವಿಚ್ಚು ಯಾವ ದೀಪದ್ದೆಂದು ತಿಳಿದಿರಲಿಲ್ಲ. ಪ್ರತಿ ಸಲ ಎರಡು ತಪ್ಪು ಒತ್ತಿದ ಮೇಲೆ ಮದಿಹಾ ಎದ್ದು ಬಂದು ಸರಿಯಾದ್ದನ್ನು ಒತ್ತುತ್ತಿದ್ದಳು. ಬಯ್ಯುತ್ತಿರಲಿಲ್ಲ, ನೆಂಟರನ್ನು ಯಾರೂ ಬಯ್ಯುವುದಿಲ್ಲ. ಹಳೆಯ ಕಂಪನಿಯೇ ಮತ್ತೆ ಕರೆದಿತ್ತು, ಈ ಸಲ ದೊಡ್ಡ ಹುದ್ದೆ. ವೀಸಾ ಬಂದಿತ್ತು. ಮುಂದಿನ ವಾರದ ಶನಿವಾರ ವಿಮಾನ. ಆ ಸುದ್ದಿ ತಿಳಿದಾಗಿನಿಂದ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು.

ಮಹಾಲಿಂಗಪ್ಪ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು.

"ಐದ ನಿಮಿಷ ಲೇಟ್ ಬಂತ್ ನೋಡ್ರಿ," ಎಂದರು, ತಪ್ಪು ತಮ್ಮದೇ ಎಂಬಂತೆ. "ಹಂಸಭಾವಿ ರೂಟಿನ್ಯಾಗ ಇಪ್ಪತ್ತೆರಡ ವರ್ಷ ಸೀಟಿ ಊದೇನಿ. ಒಂದ ದಿನಾನೂ ಲೇಟ್ ಮಾಡಿದಾಂವಲ್ಲ."

"ಪರವಾಗಿಲ್ರಿ."

"ನೀವು ಬರ್ತೀರೋ ಇಲ್ಲೋ ಅಂತ ಇತ್ರಿ. ದೊಡ್ಡ ಮನಷ್ಯಾರು."

ತನ್ವೀರ ಸುಮ್ಮನೆ ನಕ್ಕ. ಬರದೇ ಇರುವ ಉಪಾಯಗಳನ್ನು ಅವನು ನಿನ್ನೆಯಿಡೀ ಯೋಚಿಸಿದ್ದ. ಜ್ವರ ಎನ್ನಬಹುದಾಗಿತ್ತು. ಆದರೆ ಮದಿಹಾ ಹಣೆ ಮುಟ್ಟಿ ನೋಡುವವಳು.

ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ, ಎರಡು ಖೋಲಿಯ ಬಾಡಿಗೆ ಮನೆ. ಓಣಿ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಜಾರಾಗಿತ್ತು, ಹತ್ತುವಾಗ ಮಹಾಲಿಂಗಪ್ಪನವರೇ ಮುಂದಾದರು. ತನ್ವೀರ ತಂದಿದ್ದ ಸವಣೂರ ಖಾರದ ತಿಂಡಿಯ ಪೊಟ್ಟಣವನ್ನು ಸುಶೀಲವ್ವ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾಲತೇಶನ ತಾಯಿ ಎಂದು ಹೇಳಬೇಕಾಗಿರಲಿಲ್ಲ, ಮೂಗು ಅದೇ ಇತ್ತು.

"ಇದೆಲ್ಲಾ ಯಾಕ ತರಾಕ ಹ್ವಾದ್ರಿ? ನೀವು ಮಾಡಿದ್ದ ಹೆಚ್ಚಾತು ನಮಗ."

"ನಾ ಏನ್ ಮಾಡೇನ್ರಿ?"

"ಆ ಕಾಗದದಾಗ ನಿಮ್ಮ ಹೆಸರ ಐತಂತಲ್ರಿ. ಅಲ್ಲೆ ಕೋರ್ಟಿನ್ಯಾಗ ನಮ್ಮ ಮಾತು ತಿಳ್ಯಾವ್ರು ಒಬ್ಬರು ಅದಾರ ಅಂತ ಸೊಸಿ ಹೇಳಿದ ದಿನದಿಂದ ನಾ ಹೊಟ್ಟಿತುಂಬ ಉಣ್ಣಾಕತ್ತೇನಿ."

ತನ್ವೀರನಿಗೆ ನಾಚಿಕೆಯಾಯಿತು. ಮುಂದೆ ಇಟ್ಟಿದ್ದ ಅವಲಕ್ಕಿಯ ತಾಟನ್ನು ನೋಡುತ್ತ ಕುಳಿತ. ಇಂಥ ಹೊತ್ತಿನಲ್ಲಿ ಏನಾದರೂ ತಿನ್ನುತ್ತಿರುವುದು ಒಳ್ಳೆಯದೆಂದು ತೋರಿ ಒಂದು ಚಮಚ ಬಾಯಿಗೆ ಹಾಕಿಕೊಂಡ. ಅದಕ್ಕೆ ಹಸಿ ಕೊಬ್ಬರಿ ಬಿದ್ದಿತ್ತು, ರುಚಿಯಾಗಿತ್ತು.

ಒಳಗಿನಿಂದ ಸೊಸೆ ಶೈಲಶ್ರೀ ಫೈಲು ತಂದಿಟ್ಟಳು. ತಹಶೀಲ್ದಾರ ಕಚೇರಿಯೆದುರು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಾಗದಗಳನ್ನು ಅಂಚು ಹೊಂದಿಸಿ ಇಡುವ ರೂಢಿಯಿತ್ತು. ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಳು. ಒಂದು ಹಳೆಯದು, ಅದರ ಬುಡದಲ್ಲಿ ಅವನ ಸಹಿ. ಇನ್ನೊಂದು ಹೊಸದು, ಬುಡದಲ್ಲಿ ಖಾಲಿ ಗೆರೆ.

ಹಳೆಯದನ್ನು ಓದುವ ಅಗತ್ಯವಿರಲಿಲ್ಲ. ಅದರಲ್ಲಿ ಮಾಲತೇಶನ ಬಾಯಲ್ಲಿ ಬಂದದ್ದು ಒಂದೇ ಮಾತು. ಐ ಆಮ್ ಲೀವಿಂಗ್.

ಹದಿನಾಲ್ಕು ತಿಂಗಳ ಹಿಂದಿನ ಒಂದು ಮಧ್ಯಾಹ್ನ. ಮಾಲತೇಶನ ಖೋಲಿಯಲ್ಲಿದ್ದ ಹುಡುಗನೊಬ್ಬ ಬಿಸಿಲಿಗೆ ಬಿದ್ದು, ದೂರದ ಊರಿನ ಆಸ್ಪತ್ರೆ ಸೇರಿದ್ದ. ಜೊತೆಗೆ ಯಾರೂ ಇರಲಿಲ್ಲ. ಮಾಲತೇಶ ಎರಡು ದಿನ ರಜೆ ಕೇಳಿದ, ಮ್ಯಾನೇಜರ ಇಲ್ಲವೆಂದ. ಮಾಲತೇಶ ವಾದ ಮಾಡಲಿಲ್ಲ. ಹೆಲ್ಮೆಟ್ಟನ್ನು ಗೂಟಕ್ಕೆ ಹಾಕಿ, ಬುತ್ತಿಯ ಡಬ್ಬಿಯನ್ನು ಅದರ ಕೆಳಗಿಟ್ಟು, ಬಾಗಿಲಲ್ಲಿ ನಿಂತು ತನ್ವೀರನಿಗೆ, "ಬರ್ತೇನ್ರಿ ಸರ್" ಅಂದ.

ಮ್ಯಾನೇಜರ ಕೇಳಿದ: ಅವನು ಏನಂದ?

ಹೊರಟೆ ಅಂದ, ಎಂದು ತನ್ವೀರ ಇಂಗ್ಲಿಷಿನಲ್ಲಿ ಹೇಳಿದ. ಹಾಗಾದರೆ ಬರೆದು ಸಹಿ ಮಾಡು, ಎಂದ ಮ್ಯಾನೇಜರ. ತನ್ವೀರ ಬರೆದು ಸಹಿ ಮಾಡಿದ. ಮೂರನೆಯ ದಿನ ಮಾಲತೇಶ ತಿರುಗಿ ಬಂದಾಗ ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ. ಕೆಲಸ ಬಿಟ್ಟು ಓಡಿಹೋದವನೆಂದು ಅಷ್ಟರಲ್ಲಿ ದೂರು ದಾಖಲಾಗಿತ್ತು. ಆ ದೇಶದಲ್ಲಿ ಅದು ಜೈಲಾಗುವ ಅಪರಾಧ.

ಅದು ತಪ್ಪು ಅನುವಾದವಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತಪ್ಪಾಗಿರಲಿಲ್ಲ, ಅದೇ ತನ್ವೀರನ ಸಂಕಟ. ಧಾರವಾಡದಲ್ಲಿ ಎಂ.ಎ. ಓದುವಾಗ, ಪದಕ್ಕೆ ಪದ ಇಡುವವರನ್ನು ಅವನ ಮೇಷ್ಟ್ರು ಗೇಲಿ ಮಾಡುತ್ತಿದ್ದರು. ದಡ್ಡನಾದವನು ಐ ವಿಲ್ ಕಮ್ ಎಂದು ಬರೆಯುತ್ತಿದ್ದ. ಈ ಸೀಮೆಯಲ್ಲಿ ಬೆಂಕಿಪೊಟ್ಟಣ ತರಲು ಹೊರಟವನೂ ಬರ್ತೇನಿ ಅನ್ನುತ್ತಾನೆ, ಮಿಲಿಟರಿಗೆ ಹೊರಟವನೂ ಬರ್ತೇನಿ ಅನ್ನುತ್ತಾನೆ. ಹೊರಟೆ ಎಂದೇ ಅದರ ಅರ್ಥ. ಬಲ್ಲವನು ಬರೆಯುವಂತೆ ಅವನು ಬರೆದಿದ್ದ. ಆ ದಿನ ಅದರ ಬಗ್ಗೆ ಚೂರು ಹೆಮ್ಮೆಯೂ ಆಗಿತ್ತು.

ಆದರೆ ಡಬ್ಬಿ ಅಲ್ಲಿಯೇ ಇತ್ತು. ಓಡಿಹೋಗುವವನು ಬುತ್ತಿಯ ಡಬ್ಬಿ ಬಿಟ್ಟು ಹೋಗುವುದಿಲ್ಲ. ತನ್ವೀರ ಅದನ್ನು ನೋಡಿದ್ದ. ಮ್ಯಾನೇಜರ ಡಬ್ಬಿಯ ಬಗ್ಗೆ ಕೇಳಲಿಲ್ಲ, ಅವನು ಹೇಳಲಿಲ್ಲ.

ಹೊಸ ಹಾಳೆಯನ್ನು ಅಲ್ಲಿಯ ವಕೀಲರೊಬ್ಬರು ಬರೆದು ಕಳಿಸಿದ್ದರು. ಮೂರೇ ವಾಕ್ಯ. ನನ್ನ ಅನುವಾದ ಅಪೂರ್ಣವಾಗಿತ್ತು. ಆ ಮಾತಿನಲ್ಲಿ ತಿರುಗಿ ಬರುವ ಅರ್ಥವೂ ಇದೆ. ಅವನು ತಿರುಗಿ ಬರುವವನಿದ್ದನೆಂದು ನನಗೆ ಗೊತ್ತಿತ್ತು. ಸೋಮವಾರ ವಿಚಾರಣೆ. ಈ ಸಹಿ ಅಲ್ಲಿಗೆ ಹೋದರೆ ಪ್ರಕರಣ ಮತ್ತೆ ತೆರೆಯುತ್ತದೆ, ಹೋಗದಿದ್ದರೆ ಮಾಲತೇಶನಿಗೆ ಮೊದಲು ಜೈಲು, ಊರು ಆಮೇಲೆ ಯಾವಾಗಲೋ. ಈ ಸಹಿ ಹೋದರೆ ಕಂಪನಿ ತನ್ವೀರನ ವೀಸಾವನ್ನು ಶನಿವಾರದವರೆಗೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಯಾರೂ ಬರೆದಿರಲಿಲ್ಲ.

ಮಹಾಲಿಂಗಪ್ಪ ಪಕ್ಕದ ಮನೆಗೆ ಕುರ್ಚಿ ಕೇಳಲು ಹೋಗಿದ್ದರು. ಸುಶೀಲವ್ವ ಒಳಗೆ ಚಹಾಕ್ಕೆ ಇಟ್ಟಿದ್ದರು.

"ಇದನ್ನ ನೀವು ಓದೀರೇನು?" ತನ್ವೀರ ಸಣ್ಣಗೆ ಕೇಳಿದ.

"ಓದೇನ್ರಿ. ಬಿಕಾಂ ಆಗೇತಿ ನಂದು."

"ಹಳೇದನ್ನೂ?"

"ಅದನ್ನ ಮೊದಲ ಓದೇನಿ."

"ಮನ್ಯಾಗ..."

"ಹೇಳಿಲ್ರಿ. ಹೇಳಿದ್ರ ಅತ್ತಿ ಮತ್ತ ಊಟಾ ಬಿಡ್ತಾರ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅದಕ್ಕೆ ಉತ್ತರ ಕೊಟ್ಟು ಎದ್ದು ಹೋಗಬಹುದಾಗಿತ್ತು. ಕೌಂಟರಿನ ಮುಂದೆ ನಿಂತ ಗಿರಾಕಿಯನ್ನು ನೋಡುವಂತೆ ಅವಳು ನೋಡುತ್ತಿದ್ದಳು, ಒಂದು ಪ್ರತಿ ಬೇಕೋ ಎರಡೋ ಎಂದು ತಿಳಿಯುವವರೆಗೆ.

ಕುರ್ಚಿ ಬಂತು, ಚಹಾ ಬಂತು. ಅಷ್ಟರಲ್ಲಿ ಫೋನೂ ಬಂತು. ದಿನಾ ಆ ಹೊತ್ತಿಗೆ ಮಾಲತೇಶ ಮಾಡುತ್ತಿದ್ದನಂತೆ. ಶೈಲಶ್ರೀ ಎರಡು ಮಾತಾಡಿ ಫೋನನ್ನು ತನ್ವೀರನ ಕೈಗೆ ಕೊಟ್ಟಳು. ಚಿಕ್ಕ ಪರದೆಯಲ್ಲಿ ಮಾಲತೇಶ ತೆಳ್ಳಗಾಗಿದ್ದ. ಹಿಂದೆ ಕಬ್ಬಿಣದ ಮಂಚಗಳ ಸಾಲು, ಅವನಂಥವರನ್ನು ಇಡುವ ಆಸರೆಮನೆಯದು.

"ಆರಾಮ ಅದೀರಿ ಸರ್? ನಮ್ಮವ್ವ ಚಹಾ ಕೊಟ್ಟಳಿಲ್ರಿ?"

"ಕೊಟ್ರು. ಕುಡ್ಯಾಕತ್ತೇನಿ."

"ಸಕ್ರಿ ಹೆಚ್ಚ ಹಾಕ್ತಾಳ್ರಿ. ಸರ್, ನೀವು ನನ್ನ ಸಲುವಾಗಿ ಸುಳ್ಳ ಬರೀರಿ ಅಂತ ನಾ ಅನ್ನೂದಿಲ್ಲ. ನಾ ಏನಂದಿದ್ದೆ, ಅಷ್ಟ ಬರೀರಿ."

"ನೀ ಏನಂದಿದ್ದಿ, ಮಾಲತೇಶ?"

"ಬರ್ತೇನಿ ಅಂದಿದ್ದೆ."

"ಅಂದ್ರ?"

ಪರದೆಯ ಚಿತ್ರ ಅಲುಗಾಡದೆ ನಿಂತುಬಿಟ್ಟಿತು. ಸಂಪರ್ಕ ಹೋಯಿತೇನೋ ಎಂದುಕೊಂಡ ತನ್ವೀರ. ಹಾಗೆ ಅಂದುಕೊಂಡಾಗ ಅವನಿಗೆ ಸಮಾಧಾನವಾಯಿತು, ಆ ಸಮಾಧಾನ ಅವನಿಗೇ ಹೇಸಿಕೆ ತರಿಸಿತು.

"ಅಂದ್ರ ಅಂದ್ರ ಏನ್ರಿ ಸರ್? ಬರ್ತೇನಿ ಅಂದ್ರ ಬರ್ತೇನಿ." ಮಾಲತೇಶ ನಕ್ಕ. "ಇಲ್ಲೆ ಫೋನಿಗೆ ಮಂದಿ ನಿಂತಾರ್ರಿ. ಬರ್ತೇನ್ರಿ ಸರ್."

ಪರದೆ ಕಪ್ಪಾಯಿತು. ಸುಶೀಲವ್ವ ಸೆರಗಿನಿಂದ ಫೋನನ್ನು ಒರೆಸಿ ಇಟ್ಟುಕೊಂಡರು. ಶೈಲಶ್ರೀ ಪೆನ್ನಿನ ಮುಚ್ಚಳ ತೆಗೆದು ಖಾಲಿ ಗೆರೆಯ ಪಕ್ಕದಲ್ಲಿಟ್ಟಳು.

ಮೂರು ವಾಕ್ಯಗಳಲ್ಲಿ ಮೊದಲಿನೆರಡಕ್ಕೆ ಅವನ ತಕರಾರಿರಲಿಲ್ಲ. ಬೇಕಾದರೆ ಅವುಗಳ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಮಾಡಬಲ್ಲ. ಮೂರನೆಯದು ಮಾತ್ರ ಭಾಷೆಯ ವಿಷಯವಾಗಿರಲಿಲ್ಲ. ಸಹಿ ಮಾಡಿದರೆ ಶನಿವಾರ ಬರುತ್ತದೆ, ಹೋಗುತ್ತದೆ. ಭಾನುವಾರ ಮದಿಹಾ ಅವನಿಗೆ ತರಕಾರಿ ತರಲು ಹೇಳುತ್ತಾಳೆ. ಅದರಾಚೆಯ ದಿನಗಳನ್ನು ಅವನಿಗೆ ಊಹಿಸಲು ಆಗಲಿಲ್ಲ. ಆ ಮನೆಯಲ್ಲಿ ಉಳಿದುಬಿಡುವುದೆಂದರೆ ಅವನಿಗೆ ಭಯವಾಗುತ್ತಿತ್ತು. ಜೈಲು ನೆನೆದರೆ ಮಾಲತೇಶನಿಗೆ ಇಷ್ಟು ಭಯವಾಗುತ್ತದೆಯೇ ಎಂದು ಒಂದು ಕ್ಷಣ ಅನ್ನಿಸಿತು.

"ಇದನ್ನ ಮನಿಗೆ ಒಯ್ದು ಸಾವಕಾಶ ಓದಿ ಕಳಸ್ತೇನಿ," ಎಂದ.

"ಮೂರ ಲೈನ್ ಅದಾವ್ರಿ," ಎಂದಳು ಶೈಲಶ್ರೀ.

"ಕಾಯದೆ ವಿಷಯ. ಒಂದ ಸಲ ನೋಡಬೇಕು."

"ಯಾವಾಗ ಕಳಸ್ತೀರಿ?"

"ಸೋಮವಾರದೊಳಗ."

"ಸೋಮವಾರ ಮುಂಜಾನೆನ ಐತ್ರಿ ವಿಚಾರಣೆ."

"ಗೊತ್ತೈತಿ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಮಹಾಲಿಂಗಪ್ಪ ಮಾತ್ರ ತಲೆಯಾಡಿಸಿದರು. "ಹೌದ್ ಹೌದ್ರಿ, ಓದದ ಸಹಿ ಮಾಡಬಾರದು. ಡಿಪೋದಾಗ ನಾನೂ ಹಂಗ ಇದ್ದೆ. ನಾಲ್ಕೂ ಹತ್ತಕ್ಕ ಬಸ್ ಐತಿ. ಎಡಗಡೆ ಕುಂತ್ರ ಬಿಸಲ ಬೀಳೂದಿಲ್ಲ."

ತನ್ವೀರ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಹೊರಗೆ ಬಂದು ಚಪ್ಪಲಿ ಮೆಟ್ಟಿ, ಬಾಗಿಲ ಕಲ್ಲಿನ ಮೇಲೆ ನಿಂತು ತಿರುಗಿದ. ಮೂವರೂ ಹೊಸ್ತಿಲೊಳಗೆ ನಿಂತಿದ್ದರು. ಹೊರಡುವವನು ಹೇಳಬೇಕಾದ ಮಾತು ಹುಟ್ಟಿದಾಗಿನಿಂದ ಅವನ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದರೆ ತಾನಾಗಿ ಬರುತ್ತಿತ್ತು. ಬಾಯಿ ತೆರೆದ, ಬರಲಿಲ್ಲ. ಅದನ್ನಂದರೆ ಸುಶೀಲವ್ವ ಒಂದರ್ಥ ಮಾಡಿಕೊಳ್ಳುತ್ತಾರೆ, ಶೈಲಶ್ರೀ ಇನ್ನೊಂದು. ಇವತ್ತೊಂದು ದಿನವಾದರೂ ಎರಡರ್ಥ ಬರದಂತೆ ಆಡಬೇಕೆಂದು ಅವನಿಗೆ ತೀವ್ರವಾಗಿ ಅನ್ನಿಸಿತು.

"ಹೋಗ್ತೇನ್ರಿ," ಎಂದ.

ಕೇಳಿಸಿದ್ದು ಸರಿಯೋ ತಪ್ಪೋ ಎಂಬಂತೆ ಮಹಾಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಆ ಕಡೆ ಅಷ್ಟು ಬರಿದಾಗಿ ಯಾರೂ ಹೊರಡುವುದಿಲ್ಲ. ಬರ್ತೇನಿ ಅನ್ನದೆ ಹೊರಡುವುದು, ಹೋದವರ ಹಿಂದೆ ಬಾಗಿಲಿಗೆ ನೀರು ಸುರಿಯುವುದು, ಎರಡೂ ಹೆಣ ಎತ್ತಿದ ಮನೆಯಲ್ಲಿ ಮಾತ್ರ.

"ಉರ್ದುದಾಗ ಹಂಗ ಅಂತಾರ," ಎಂದು ಮಹಾಲಿಂಗಪ್ಪ ಅವಸರದಿಂದ ಹೇಳಿದರು. "ಹೌದಿಲ್ರಿ? ಅವರ ಮಾತಿನ್ಯಾಗ ಹಂಗ ಐತಿ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ತನ್ವೀರ ಜೇಬಿನ ಹಾಳೆಯನ್ನು ಮುಟ್ಟಿ ನೋಡಿಕೊಂಡ. ಉರ್ದುವಿನಲ್ಲೂ ಹೋಗಿ ಬರುತ್ತೇನೆ ಎಂದೇ ಅನ್ನುತ್ತಾರೆ ಎಂದು ಶೈಲಶ್ರೀಗೆ ಗೊತ್ತಿರಬೇಕು, ಅವಳು ಫೈಲನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಅವನು ಓಣಿಗಿಳಿದ.

ಹತ್ತು ಹೆಜ್ಜೆ ನಡೆದ ಮೇಲೆ ಹಿಂದೆ ನೀರಿನ ಸದ್ದಾಯಿತು. ತಿರುಗಿ ನೋಡಿದ. ಸುಶೀಲವ್ವ ತುಂಬಿದ ಕೊಡವನ್ನು ಬಗ್ಗಿಸಿ, ಅವನು ನಿಂತಿದ್ದ ಕಲ್ಲಿನ ಮೇಲೆ ಸುರಿಯುತ್ತಿದ್ದರು. ಅವನ ಕಡೆ ನೋಡುತ್ತಿರಲಿಲ್ಲ. ಕೊಡ ಬರಿದಾದ ಮೇಲೆ ಕೆಳಗೆ ಕುಳಿತು, ಎರಡೂ ಅಂಗೈಯಿಂದ ಕಲ್ಲನ್ನು ತಿಕ್ಕತೊಡಗಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನೀರು ಓಣಿಯ ಇಳಿಜಾರಿನಲ್ಲಿ ಅವನ ಹಿಂದೆಯೇ ಬಂದು, ಚಪ್ಪಲಿಯ ಅಡಿಯನ್ನು ತೋಯಿಸಿ, ಅವನಿಗಿಂತ ಮುಂದಾಗಿ ಬಸ್‌ಸ್ಟ್ಯಾಂಡಿನ ಕಡೆಗೆ ಇಳಿಯಿತು.